ಬೋರ್ ನೀರಿನಲ್ಲಿ ಲಾವಂಚ

ನಾನು ಕೆಲಸಕ್ಕೆ ಸೇರಿದ ಲ್ಯಾಬಿನಲ್ಲಿ ಕಟ್ಟುನಿಟ್ಟಿನ ನಿಯಮ ಎಂದು ಇದ್ದದ್ದು ಒಂದೇ. ಬೆಳಿಗ್ಗೆ ಹನ್ನೊಂದರವರೆಗೆ ಯಾರೂ ಕಾಫಿ ಕುಡಿಯಬಾರದು. ಆಸಿಡ್ ಬಾಟಲಿಯನ್ನು ಹೇಗೆ ಹಿಡಿಯಬೇಕೆಂದು ಯಾರೂ ನನಗೆ ಹೇಳಿಕೊಡಲಿಲ್ಲ, ಕೈಗವಸನ್ನು ನಾನು ಆಸ್ಪತ್ರೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಆದರೆ ಕಾಫಿ ಕುಡಿದು ಬಂದವರನ್ನು ನಮ್ಮ ಸಾರ್ ಬಾಗಿಲಲ್ಲೇ ವಾಸನೆ ಹಿಡಿಯುತ್ತಿದ್ದರು. "ಇವತ್ತು ನಿನ್ನ ನಾಲಿಗೆಗೆ ರಜಾ ಕಣಮ್ಮ" ಎಂದು ಹೇಳಿ ಟೈಪ್‌ರೈಟರ್ ಮುಂದೆ ಕೂರಿಸಿಬಿಡುತ್ತಿದ್ದರು.

ಅದು ನೀರು ಪರೀಕ್ಷೆ ಮಾಡುವ ಲ್ಯಾಬು. ಬನಶಂಕರಿ ಎರಡನೇ ಹಂತದಲ್ಲಿ ಸಾರ್ ಅವರ ಮನೆಯ ಮಹಡಿಯ ಮೇಲಿತ್ತು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಅವರು, ಎರಡು ಕೋಣೆಗಳ ನಡುವಿನ ಗೋಡೆ ಒಡೆಸಿ, ಕಡಪಾ ಕಲ್ಲಿನ ಕಟ್ಟೆ ಹಾಕಿಸಿ ಅದನ್ನು ಶುರು ಮಾಡಿದ್ದರು. ಅಲ್ಲಿದ್ದವರು ಮೂರೇ ಜನ. ಸಾರ್, ಜಯನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಗಿರಿನಗರದಿಂದ ನಡೆದುಕೊಂಡು ಬರುತ್ತಿದ್ದ ನಾನು, ಮತ್ತು ಗಾಜಿನ ಸಾಮಾನು ತೊಳೆಯುವ ಅಕ್ಕ. ತೊಂಬತ್ತರ ದಶಕದ ನಡುವಿನ ಮಾತು. ಸುತ್ತಮುತ್ತ ಎಲ್ಲಿ ನೋಡಿದರೂ ಹೊಸ ಮನೆ, ಮನೆಗೊಂದು ಬೋರು. ಜನ ನೀರನ್ನು ಜ್ಯೂಸ್ ಬಾಟಲಿ, ಗ್ರೈಪ್ ವಾಟರ್ ಸೀಸೆ, ಹಾಲಿನ ಕ್ಯಾನು, ಸಿಕ್ಕಿದ್ದರಲ್ಲಿ ತುಂಬಿಕೊಂಡು ಬರುತ್ತಿದ್ದರು. ನೀರು ಕೆಟ್ಟುಹೋದೀತೆಂದು ಫ್ಲಾಸ್ಕಿನಲ್ಲಿ ತಂದ ಮಹಾನುಭಾವರೂ ಒಬ್ಬರಿದ್ದರು.

ಬಂದ ನೀರನ್ನು ಮೊದಲು ನಾವು ಕುಡಿಯುತ್ತಿದ್ದೆವು. ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಬೆಳಗಿನ ಬಾಟಲಿಗಳನ್ನೆಲ್ಲ ಸಾಲಾಗಿ ಇಟ್ಟು, ಒಂದೊಂದರಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ಹೊರಳಿಸಿ, ಸಿಂಕಿಗೆ ಉಗುಳಿ, ಆ ನೀರಿನ ಗಡಸುತನ ಎಷ್ಟಿರಬಹುದೆಂದು ಗೋಡೆಯ ಕಪ್ಪು ಹಲಗೆಯ ಮೇಲೆ ಬರೆಯಬೇಕು. ಗಡಸುತನ ಎಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ನೂರಿದ್ದರೆ ಬೇಳೆ ಬೆಣ್ಣೆಯಂತೆ ಬೇಯುತ್ತದೆ, ಆರುನೂರಿದ್ದರೆ ಸೋಪು ನೊರೆ ಕೊಡುವುದಿಲ್ಲ. ಆಮೇಲೆ ಬ್ಯೂರೆಟ್ಟು ಎಂಬ ಗೆರೆ ಹಾಕಿದ ಉದ್ದ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ದ್ರಾವಣ ಬಿಟ್ಟು ನಿಜವಾದ ಸಂಖ್ಯೆ ತೆಗೆಯುವುದು. ಯಾರ ಊಹೆ ಹೆಚ್ಚು ದೂರ ಹೋಗಿರುತ್ತದೋ ಅವರು ಸಂಜೆ ಆ ಬ್ಯೂರೆಟ್ಟು ತೊಳೆಯಬೇಕು. ಅಕ್ಕನೂ ಊಹಿಸುತ್ತಿದ್ದಳು. ಸಾರ್ ಕೂಡ ಬರೆಯುತ್ತಿದ್ದರು, ಆದರೆ ಅವರದು ಆಟಕ್ಕಿಲ್ಲ. "ನಾನು ಮೇಷ್ಟ್ರು ಕಣಮ್ಮ, ಮೇಷ್ಟ್ರಿಗೆ ಪರೀಕ್ಷೆ ಇರಲ್ಲ" ಎನ್ನುತ್ತಿದ್ದರು. ಆ ವರ್ಷಗಳಲ್ಲಿ ಅವರು ಒಂದು ಬ್ಯೂರೆಟ್ಟು ತೊಳೆದದ್ದನ್ನೂ ನಾನು ನೋಡಿರಲಿಲ್ಲ.

ಮಿಕ್ಕ ವಿಷಯಗಳಲ್ಲಿ ನಾವು ದೇವರ ಮೇಲೆ ಭಾರ ಹಾಕಿದ್ದೆವು. ಪಿಪೆಟ್ಟಿನಲ್ಲಿ ಏನೇ ಇರಲಿ, ಬಾಯಿಂದಲೇ ಎಳೆಯುವುದು. ಸಿಲ್ವರ್ ನೈಟ್ರೇಟ್ ತಗುಲಿ ನನ್ನ ಬೆರಳ ತುದಿಗಳು ಯಾವಾಗಲೂ ಕಪ್ಪಾಗಿರುತ್ತಿದ್ದವು. ಚಿಕ್ಕಮ್ಮನ ಮಗಳ ಮದುವೆಯಲ್ಲಿ ಒಬ್ಬರು, ಇದ್ಯಾವ ಊರಿನ ಮೆಹಂದಿ ಎಂದು ಕೇಳಿದ್ದರು. ಮಧ್ಯಾಹ್ನದ ಡಬ್ಬಿ ಬಿಸಿಯಾಗುತ್ತಿದ್ದದ್ದು ನೀರು ಆವಿ ಮಾಡುವ ಹಾಟ್‌ಪ್ಲೇಟಿನ ಮೇಲೆ. ಮಳೆಗಾಲದಲ್ಲಿ ಅಕ್ಕ ತನ್ನ ಮನೆಯ ಸಂಡಿಗೆಯನ್ನು ತಂದು ಗಾಜು ಒಣಗಿಸುವ ಓವನ್ನಿನಲ್ಲಿ ಒಣಗಿಸಿಕೊಂಡು ಹೋಗುತ್ತಿದ್ದಳು. ಗಾಜು ತೊಳೆಯಲು ಅವಳೇ ಬಕೆಟ್ಟಿನಲ್ಲಿ ಬೆರೆಸುತ್ತಿದ್ದ ಕಿತ್ತಳೆ ಬಣ್ಣದ ಆಸಿಡ್ಡು ಸಿಡಿದು ಅವಳ ಸೀರೆಯ ತುಂಬ ತೂತು. "ನನ್ ಸೀರೆ ನೋಡಿ ಸರ್ವೀಸ್ ಎಷ್ಟ್ ವರ್ಷ ಅಂತ ಹೇಳ್ಬೋದು ಮೇಡಂ" ಎಂದು ಅವಳೇ ನಗುತ್ತಿದ್ದಳು.

ಮೊದಲ ಆರು ತಿಂಗಳು ದಿನಾ ಬ್ಯೂರೆಟ್ಟು ತೊಳೆದವಳು ನಾನೇ. ನನ್ನದು ಹಟದ ಸ್ವಭಾವ, ಸೋತರೆ ನಿದ್ದೆ ಬರುವುದಿಲ್ಲ. ಹೋದ ಕಡೆಯಲ್ಲೆಲ್ಲ ನೀರು ಕೇಳಿ ಕುಡಿದು ಮನಸ್ಸಿನಲ್ಲೇ ಸಂಖ್ಯೆ ಹಾಕುತ್ತ ಹೋದೆ. ಗಡಸು ನೀರು ನಾಲಿಗೆಯ ಹಿಂಬದಿಯಲ್ಲಿ ಸೀಮೆಸುಣ್ಣದ ಹಾಗೆ ಕೂರುತ್ತದೆ. ಕಬ್ಬಿಣದ ನೀರು ಮೊಳೆ ಕಚ್ಚಿದಂತೆ. ಕಾವೇರಿ ನೀರು ಸಲೀಸಾಗಿ ಇಳಿದು ಕೊನೆಯಲ್ಲಿ ಸ್ವಲ್ಪ ಬ್ಲೀಚಿಂಗ್ ಪೌಡರು ಬಿಟ್ಟುಹೋಗುತ್ತದೆ. ಈ ಹುಚ್ಚು ಎಲ್ಲಿಯವರೆಗೆ ಹೋಯಿತೆಂದರೆ, ಕತ್ರಿಗುಪ್ಪೆಯಲ್ಲಿ ವರನ ಮನೆ ನೋಡಲು ಹೋದಾಗ ಅವರು ಕೊಟ್ಟ ನೀರು ಕುಡಿದು, "ಐನೂರಾ ಐವತ್ತು" ಎಂದು ಎಲ್ಲರೆದುರು ಹೇಳಿಬಿಟ್ಟೆ. ಆ ಸಂಬಂಧ ಮುಂದುವರಿಯಲಿಲ್ಲ. ಅಮ್ಮ ವಾರ ಪೂರ್ತಿ ನನ್ನೊಡನೆ ಮಾತು ಬಿಟ್ಟಳು. ಮಾರನೆಯ ದಿನ ನಾನು ಯೋಚಿಸಿದ್ದು ಮಾತ್ರ ಆ ನೀರಿನ ಒಂದು ಬಾಟಲಿ ಸಿಕ್ಕಿದ್ದರೆ ನನ್ನ ಊಹೆ ಸರಿಯೋ ಅಲ್ಲವೋ ನೋಡಬಹುದಿತ್ತಲ್ಲ ಎಂದು.

ಮೂರನೆಯ ವರ್ಷಕ್ಕೆ ನನ್ನ ಊಹೆ ಸಾರ್ ಅವರದಕ್ಕಿಂತ ಹತ್ತಿರ ಬರತೊಡಗಿತು. ಅವರು ಹಲಗೆ ನೋಡಿ "ಹುಂ" ಎನ್ನುತ್ತಿದ್ದರು, ಅಷ್ಟೇ. ಬಾಟಲಿ ಇಳಿಸಿಕೊಳ್ಳುವುದರಿಂದ ಹಿಡಿದು ವರದಿ ಟೈಪ್ ಮಾಡುವವರೆಗೆ ಎಲ್ಲ ನಾನೇ ಮಾಡುತ್ತಿದ್ದೆ. ವರದಿಯ ಕೆಳಗೆ, ಬಲಗಡೆ, ಸಹಿ ಮಾತ್ರ ಅವರದು. ನನಗೆ ಬೇಕಾಗಿದ್ದದ್ದು ಆ ಜಾಗ. ನಾಚಿಕೆ ಬಿಟ್ಟು ಎರಡು ಸಲ ಕೇಳಿದ್ದೆ. "ಆಗ್ಲಿ ನೋಡೋಣಮ್ಮ, ಆತುರ ಏನಿದೆ" ಎಂದಿದ್ದರು. ಆತುರ ಇದ್ದದ್ದು ನನಗೆ.

ಒಂದು ಬೇಸಿಗೆಯಲ್ಲಿ, ಮಡಿವಾಳದಲ್ಲಿ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಬಂದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೈಯಲ್ಲಿ ತೊಳೆದು ಫಳಫಳ ಹೊಳೆಯುವ ಗಾಜಿನ ಬಾಟಲಿ. ಬಿಟಿಎಂ ಲೇಔಟಿನಲ್ಲಿ ಅವರ ಸ್ವಂತ ಮನೆ.

"ಮಹಡಿ ಮೇಲೆ ಮೂರು ಜನ ಹುಡುಗ್ರಿಗೆ ಬಾಡಿಗೆ ಕೊಟ್ಟಿದೀನಿ ಸಾರ್, ಉತ್ತರ ಕರ್ನಾಟಕದ ಕಡೆಯೋರು" ಎಂದರು. "ಕೆಳಗೆ ನಮಗೆ ಕಾವೇರಿ, ಮೇಲೆ ಅವ್ರಿಗೆ ಬೋರು. ದಿನಾ ನೀರು ಸರಿ ಇಲ್ಲ, ಹೊಟ್ಟೆ ಸರಿ ಇಲ್ಲ ಅಂತ ತಕರಾರು. ಇದು ನಮ್ಮ ಬೋರ್ ನೀರು. ನೋಡಿ ಒಂದು ರಿಪೋರ್ಟ್ ಕೊಡಿ. ಚೆನ್ನಾಗಿದ್ರೆ ಅವ್ರ ಬಾಗ್ಲಿಗೇ ಅಂಟಿಸ್ಬಿಡ್ತೀನಿ."

ಅವರು ಹೋದ ಮೇಲೆ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಹಲಗೆಯ ಮೇಲೆ ನೂರಾ ಹತ್ತು ಎಂದು ಬರೆದೆ. ಬರೆದು ತಿರುಗುವಷ್ಟರಲ್ಲಿ, ಉಸಿರು ಬಿಡುವಾಗ, ಮೂಗಿನ ಹಿಂಭಾಗದಲ್ಲಿ ಏನೋ ಸುಳಿಯಿತು. ಮತ್ತೊಂದು ಗುಟುಕು ಹಾಕಿಕೊಂಡೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಡಕ್ಕೆ ಹಾಕುತ್ತಾರಲ್ಲ, ಲಾವಂಚದ ಬೇರು, ಅದರ ತಣ್ಣನೆಯ ಪರಿಮಳ.

ಬ್ಯೂರೆಟ್ಟು ನೂರಾ ಆರು ಎಂದಿತು. ಉಳಿದ ಪರೀಕ್ಷೆಗಳೂ ಚಿನ್ನದಂತೆ ಬಂದವು. ಸಾರ್ ಅವರಿಗೆ ಆ ವಾರ ಕೆಟ್ಟ ಶೀತ, ಮೂಗು ಕೆಂಪಗಾಗಿತ್ತು. ಅವರು ಲೆಕ್ಕ ನೋಡಿ, "ಆ ಕಡೆ ಕೆರೆ ಇದೆಯಲ್ಲ, ಒಂದೊಂದು ಬೋರು ಹೀಗೆ ಸಿಹಿ ಬೀಳತ್ತೆ. ಟೈಪ್ ಮಾಡು" ಎಂದರು.

"ಇದು ಬೋರ್ ನೀರಲ್ಲ ಸಾರ್. ಇದ್ರಲ್ಲಿ ಲಾವಂಚ ಇದೆ."

ಅವರು ಒಂದು ಗುಟುಕು ಹಾಕಿಕೊಂಡು ಮೂಗು ಒರೆಸಿಕೊಂಡರು. ಏನೂ ಗೊತ್ತಾಗಲಿಲ್ಲ. ಅಕ್ಕ ಕುಡಿದು, ಎಲೆ ಅಡಿಕೆಯ ಬಾಯಿಗೆ ಎಲ್ಲ ಒಂದೇ ಎಂದು ಕೈ ಎತ್ತಿದಳು.

"ಲಾವಂಚಕ್ಕೆ ನಮ್ಮ ಹತ್ರ ಯಾವ ಟೆಸ್ಟೂ ಇಲ್ಲಮ್ಮ. ರಿಪೋರ್ಟಲ್ಲಿ ಎಲ್ಲಿ ಅಂತ ಬರೀಲಿ ಅದನ್ನ?"

"ಬರೀಬೇಡಿ. ಆದ್ರೆ ಬೋರ್ ನೀರು ಅಂತ ನಾನು ಟೈಪ್ ಮಾಡಲ್ಲ ಸಾರ್. ಬೋರಿನಲ್ಲಿ ಲಾವಂಚ ಬೆಳೆಯಲ್ಲ."

ಸಾರ್ ಸಿಟ್ಟಾದದ್ದನ್ನು ಅವತ್ತೇ ಮೊದಲು ನೋಡಿದ್ದು. ಅವರಿಗೆ ಗಿರಾಕಿಯನ್ನು ಸುಳ್ಳುಗಾರ ಎನ್ನುವುದು ಸಹಿಸಲಾಗದ ಮಾತು. ಬಾಟಲಿಯ ಮುಚ್ಚಳ ಬಿಗಿದಿಟ್ಟು ಹೇಳಿದರು: "ಸರಿ. ನಾಳೆ ನೀನೇ ಹೋಗಿ ನೀರು ತಗೊಂಡು ಬಾ. ನೀನು ಹೇಳಿದ್ದು ನಿಜ ಆದ್ರೆ ಆ ರಿಪೋರ್ಟಿಗೆ ಸಹಿ ನಿಂದು. ತಪ್ಪಾದ್ರೆ ಸಹಿ ವಿಚಾರ ಇನ್ನು ನನ್ನ ಹತ್ರ ಎತ್ಬೇಡ."

ಮರುದಿನ ಬೆಳಿಗ್ಗೆ ಬಾಟಲಿಗಳ ಚೀಲ ಹಿಡಿದು ಹೊರಟೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಸ್ಸು ಬದಲಾಯಿಸಿ, ಕಿಟಕಿ ಪಕ್ಕ ಸೀಟು ಸಿಕ್ಕಿತೆಂದು ಖುಷಿಯಿಂದ ಕೂತ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಮನೆಯ ಕೊಡದಲ್ಲೂ ಲಾವಂಚ ಇತ್ತು. ಯುಗಾದಿ ಕಳೆದ ಮೇಲೆ ಅಮ್ಮನೇ ತಂದು ಹಾಕಿದ್ದಳು. ದಿನಾ ಬೆಳಿಗ್ಗೆ ಕಾಫಿ ಬಿಟ್ಟು, ಅದೇ ನೀರನ್ನು ಎರಡು ಲೋಟ ಕುಡಿದು ಲ್ಯಾಬಿಗೆ ಹೋಗುತ್ತಿದ್ದೆ. ಸಾರ್ ಅವರ ಎದುರು ಅಷ್ಟು ಜಂಬದಿಂದ ಹೇಳಿದ ಪರಿಮಳ ಬಾಟಲಿಯದೋ, ನನ್ನ ಬಾಯಿಯದೇ ಆಗಿತ್ತೋ? ಇಳಿದು ವಾಪಸು ಹೋಗಿ, ತಪ್ಪಾಯಿತು ಎಂದುಬಿಡಲೇ ಎಂದೂ ಅನ್ನಿಸಿತು. ಆದರೆ ಕಂಡಕ್ಟರು ಟಿಕೆಟ್ ಹರಿದು ಕೊಟ್ಟಾಗಿತ್ತು.

ಹಿರಿಯರು ಅಂಗಡಿಗೆ ಹೋಗಿದ್ದರು. ಬಾಗಿಲು ತೆಗೆದದ್ದು ಅವರ ಹೆಂಡತಿ, ದುಂಡು ಮುಖದ ಆಂಟಿ. ಲ್ಯಾಬಿನಿಂದ ಬಂದಿದ್ದೇನೆ ಎಂದ ಕೂಡಲೇ ಅವರ ಮುಖ ಅರಳಿತು. "ಬಿಸ್ಲಲ್ಲಿ ಬಂದಿದೀರ, ಮೊದ್ಲು ನೀರು ಕುಡೀರಿ" ಎಂದು ತಾಮ್ರದ ಕೊಡದಿಂದ ಬಗ್ಗಿಸಿ ಲೋಟ ಕೊಟ್ಟರು. ಕುಡಿದೆ. ನೂರಾ ಹತ್ತು. ಹಿಂದೆಯೇ ಲಾವಂಚ.

"ಆಂಟಿ, ನಮ್ ಲ್ಯಾಬಿಗೆ ಕಳಿಸಿದ ನೀರು ಎಲ್ಲಿಂದು?"

"ಇದೇ ಕೊಡದ್ದು ಕಣಮ್ಮ. ನಮ್ಮನೆಯವ್ರು ನೀರು ಪರೀಕ್ಷೆಗೆ ಹೋಗ್ಬೇಕು, ಬಾಟ್ಲಿ ತುಂಬ್ಸಿಡು ಅಂದ್ರು. ಪರೀಕ್ಷೆಗೆ ಕಳಿಸೋವಾಗ ಮೇಲಿನ ನಲ್ಲಿ ನೀರು ಹಾಗೇ ಕೊಟ್ರೆ ಚೆನ್ನಾಗಿರತ್ತಾ? ಕಾವೇರಿ ನೀರು ಕಾಯ್ಸಿ, ಬಟ್ಟೇಲಿ ಸೋಸಿ, ಲಾವಂಚ ಹಾಕಿದ್ದ ಕೊಡದಲ್ಲಿ ತಣ್ಣಗೆ ಮಾಡಿ ತುಂಬ್ಸಿದೆ. ಪಾಸಾಯ್ತಾ?"

ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಗಂಡನಿಗೆ ಇದು ಯಾವುದೂ ಗೊತ್ತೇ ಇರಲಿಲ್ಲ. ಮನೆಗೆ ಬಂದವರಿಗೆ ಹಳಸಿದ್ದು ಬಡಿಸದ ಹಾಗೆ, ಲ್ಯಾಬಿಗೂ ಒಳ್ಳೆಯದನ್ನೇ ಕಳಿಸಿದ್ದರು ಆ ತಾಯಿ. ಪಾಸಾಯಿತು, ಒಳ್ಳೆಯ ಮಾರ್ಕ್ಸೇ ಬಂತು ಎಂದು ಹೇಳಿ ಮೆಟ್ಟಿಲು ಹತ್ತಿದೆ.

ಮಹಡಿಯ ಮೇಲಿನ ಮೂವರೂ ಅಂದು ಮನೆಯಲ್ಲೇ ಇದ್ದರು. ಕೆಲಸಕ್ಕೆ ಹೋಗುವಷ್ಟು ಯಾರ ಹೊಟ್ಟೆಯೂ ಸರಿಯಿರಲಿಲ್ಲ. ನಲ್ಲಿ ಬಿಟ್ಟು ಒಂದು ಬೊಗಸೆ ಹಿಡಿದು ಬಾಯಿಗೆ ಒಯ್ದೆ.

"ಕುಡೀಬ್ಯಾಡ್ರೀ ಮೇಡಮ್ಮಾರ, ಆ ನೀರು ಸುಮಾರ ಅದಾವ. ಬ್ಯಾಳಿ ಬೇಯಂಗಿಲ್ಲ, ಹೊಟ್ಟಿ ತಡ್ಯಂಗಿಲ್ಲ" ಎಂದು ಒಬ್ಬ ಗಾಬರಿಯಿಂದ ಮುಂದೆ ಬಂದ.

ಅಷ್ಟರಲ್ಲಿ ನೀರು ಬಾಯಲ್ಲಿತ್ತು. ಐನೂರಾ ಎಂಬತ್ತು ಎಂದಿತು ನಾಲಿಗೆ. ಅದರ ಕೆಳಗೆ ಇನ್ನೊಂದು ರುಚಿ, ಮಬ್ಬಾದ, ಕೊಳಕಾದ ಸಿಹಿ. ಲ್ಯಾಬಿನಲ್ಲಾಗಿದ್ದರೆ ತಕ್ಷಣ ಉಗುಳುತ್ತಿದ್ದೆ. ಇಲ್ಲಿ ಮೂವರು ಗಂಡು ಹುಡುಗರು ಎದುರಿಗೆ ಕಣ್ಣುಬಿಟ್ಟು ನಿಂತಿದ್ದಾರೆ. ಅವರ ಮುಂದೆ ಉಗುಳುವುದು ಹೇಗೆ? ಮರ್ಯಾದೆಗೆ ಅಂಜಿ ನುಂಗಿಬಿಟ್ಟೆ.

ಸಂಜೆ ಆ ನೀರನ್ನು ಸಾರ್ ತಾವೇ ಪರೀಕ್ಷೆ ಮಾಡಿದರು. ಆಂಟಿಯ ಲಾವಂಚದ ಕಥೆ ಕೇಳಿ ಅವರು ನಗಲಿಲ್ಲ. ಬ್ಯೂರೆಟ್ಟಿನ ಮುಂದೆ ಕೂತು, ಹಲಗೆಯಲ್ಲಿದ್ದ ನನ್ನ ಐನೂರಾ ಎಂಬತ್ತರ ಪಕ್ಕ ಐನೂರಾ ಎಪ್ಪತ್ತೆಂಟು ಎಂದು ಬರೆದರು. ಸೀಮೆಸುಣ್ಣ ಕೆಳಗಿಟ್ಟು, ಸೂಕ್ಷ್ಮಜೀವಿಗಳ ಪರೀಕ್ಷೆಗೆಂದು ನೀರನ್ನು ಸಣ್ಣ ಸಣ್ಣ ಕೊಳವೆಗಳಿಗೆ ಹಾಕಿ ಇನ್‌ಕ್ಯುಬೇಟರಿನಲ್ಲಿಟ್ಟರು. ಆ ಪೆಟ್ಟಿಗೆಯೊಳಗೆ ಎರಡು ದಿನ ಬೆಚ್ಚಗಿಟ್ಟ ಮೇಲೆ ಕೊಳವೆಯಲ್ಲಿ ಗುಳ್ಳೆ ಕಂಡರೆ ನೀರಿಗೆ ಚರಂಡಿ ಸೇರಿದೆ ಎಂದು ಅರ್ಥ.

ನನಗೆ ಎರಡು ದಿನ ಬೇಕಾಗಲಿಲ್ಲ. ಮಾರನೆಯ ಬೆಳಿಗ್ಗೆಯಿಂದಲೇ ಶುರುವಾಯಿತು. ಅಮ್ಮ ಮಜ್ಜಿಗೆಗೆ ಮೆಂತ್ಯ ಹಾಕಿ ಕುಡಿಸುತ್ತ, ನನ್ನನ್ನೂ ಲ್ಯಾಬನ್ನೂ ಒಟ್ಟಿಗೆ ಬೈದಳು. ಪಕ್ಕದ ಮನೆಯ ಫೋನಿನಿಂದ ಸಾರ್ ಅವರಿಗೆ ಹೇಳಿ ಕಳಿಸಿದೆವು. ಎರಡು ದಿನ ಬಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದಾಗ ಎಲ್ಲ ಕೊಳವೆಗಳಲ್ಲೂ ಗುಳ್ಳೆ ಎದ್ದಿದ್ದವು.

"ನಿನ್ನ ಹೊಟ್ಟೆ ನಮ್ಮ ಇನ್‌ಕ್ಯುಬೇಟರ್‌ಗಿಂತ ಮೊದ್ಲೇ ರಿಸಲ್ಟ್ ಕೊಡ್ತಲ್ಲಮ್ಮ" ಎಂದರು ಸಾರ್. ಆಮೇಲೆ, ನಾನಿಲ್ಲದಾಗ ಅವರೇ ಎರಡು ಬೆರಳಿನಲ್ಲಿ ಕುಟ್ಟಿ ಟೈಪ್ ಮಾಡಿದ್ದ ವರದಿಯನ್ನು ನನ್ನ ಮುಂದೆ ಇಟ್ಟು, ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಬಲಗಡೆಯ ಜಾಗ ಖಾಲಿ ಇತ್ತು.

ಮೂರು ವರ್ಷ ಆ ಜಾಗದ ಮೇಲೆ ಕಣ್ಣಿಟ್ಟವಳು, ಕುರ್ಚಿ ಎಳೆದುಕೊಳ್ಳದೆ ನಿಂತಲ್ಲೇ ಬಗ್ಗಿ ಸಹಿ ಹಾಕಿದೆ. ಸಹಿ ಎಡಕ್ಕೆ ವಾಲಿಕೊಂಡು ಬಂತು, ಪಕ್ಕದಲ್ಲಿ ಕಪ್ಪು ಬೆರಳಿನ ಗುರುತು ಬೇರೆ. ವಾಲಿದ್ದು ನಿಶ್ಶಕ್ತಿಯಿಂದ ಎಂದು ಅಕ್ಕನ ಹತ್ತಿರ ಹೇಳಿದೆ. ಆದರೂ ನನ್ನ ಜೀವನದಲ್ಲಿ ಅಷ್ಟು ಹೆಮ್ಮೆ ಪಟ್ಟದ್ದು ಇನ್ನೊಂದಿಲ್ಲ, ಪದವಿ ಸಿಕ್ಕ ದಿನವೂ ಇಲ್ಲ.

ವರದಿ ನೋಡಿ ಹಿರಿಯರು ಪೆಚ್ಚಾದರು. ಒಳ್ಳೆಯ ಮನುಷ್ಯರು. ಮನೆಯ ಪಾಯಿಖಾನೆಯ ಪಿಟ್ಟು ಅಗೆಸಿ ನೋಡಿದರೆ, ಅದು ಬಿರುಕು ಬಿಟ್ಟು ಬೋರಿನ ಕಡೆಗೇ ಸೋರುತ್ತಿತ್ತಂತೆ. ಅದನ್ನು ಸರಿಮಾಡಿಸಿ, ಮಹಡಿಗೂ ಕಾವೇರಿ ಕೊಳಾಯಿ ಎಳೆಸಿದರು. ತಿಂಗಳ ಮೇಲೆ ಆ ಹುಡುಗರು ಮೂವರೂ ಲ್ಯಾಬಿಗೆ ಬಂದು ಊರಿನಿಂದ ತಂದ ಶೇಂಗಾ ಹೋಳಿಗೆ ಕೊಟ್ಟುಹೋದರು. ಇನ್ನೂ ಹತ್ತೂವರೆ, ನಾಲಿಗೆ ಕೆಡಿಸಿಕೊಳ್ಳುವ ಹೊತ್ತಲ್ಲ. ಸಾರ್ ಗಡಿಯಾರ ನೋಡಿ, ಅದನ್ನು ಗೋಡೆಯ ಕಡೆ ತಿರುಗಿಸಿಟ್ಟು ಒಂದು ಹೋಳಿಗೆ ತಿಂದರು.

ಹತ್ತು ಹನ್ನೆರಡು ವರ್ಷ ಕಳೆಯಿತು. ಲ್ಯಾಬಿಗೆ ಇಬ್ಬರು ಹೊಸ ಹುಡುಗಿಯರು ಬಂದರು, ಗಡಸುತನ ಅಳೆಯುವುದಕ್ಕಿಂತ ಕಂಪ್ಯೂಟರು ಒತ್ತುವುದೇ ಹೆಚ್ಚಾಯಿತು. ಸಾರ್ ಮೇಲೆ ಬರುವುದನ್ನು ಕಡಿಮೆ ಮಾಡಿದ್ದರು, ಲ್ಯಾಬಿನ ಜವಾಬ್ದಾರಿ ನನ್ನದಾಗಿತ್ತು. ಮಾನ್ಯತೆ ಬೇಕಾದರೆ ಸುರಕ್ಷತೆಯ ನಿಯಮಗಳನ್ನು ಬರೆದು ಹಾಕಬೇಕೆಂದು ತಪಾಸಣೆಗೆ ಬಂದವರು ಹೇಳಿದರು. ನಾನೇ ಕೂತು ಬರೆದೆ. ಕೈಗವಸು, ಕನ್ನಡಕ, ಪಿಪೆಟ್ಟಿಗೆ ರಬ್ಬರ್ ಬುರುಡೆ, ಓವನ್ನಿನಲ್ಲಿ ಸಂಡಿಗೆ ಇಲ್ಲ. ಎಲ್ಲಕ್ಕಿಂತ ಮೊದಲು, ಯಾವ ನೀರಿನ ಮಾದರಿಯನ್ನೂ ಬಾಯಿಗೆ ಹಾಕಬಾರದು. ಬಲಗಡೆ ನನ್ನ ಸಹಿ. ನನಗೆ ಬೇಸರವಾಗಲಿಲ್ಲ. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವಳು ನಾನಲ್ಲ. ಆ ಎರಡು ದಿನಗಳನ್ನು ನನ್ನ ಹೊಟ್ಟೆ ಮರೆತಿಲ್ಲ. ಆ ಹುಡುಗಿಯರು ಅಂಥ ನೀರು ಕುಡಿಯುವುದನ್ನು ನೋಡಿಕೊಂಡು ನಾನು ಸುಮ್ಮನಿರಲಾರೆ.

ಹಾಳೆಯನ್ನು ಗೋಡೆಗೆ ಅಂಟಿಸುವ ಹಿಂದಿನ ದಿನ ಬೆಳಿಗ್ಗೆ ಸಾರ್ ಕಂಬಿ ಹಿಡಿದುಕೊಂಡು ನಿಧಾನವಾಗಿ ಮೇಲೆ ಬಂದರು.

"ನಿಯಮ ನಾಳೆಯಿಂದ ತಾನೆ? ಕಾಫಿ ಕುಡಿದಿಲ್ಲ ನಾನು. ನೀನು?"

"ನಾನೂ ಇಲ್ಲ ಸಾರ್."

ಜೆ.ಪಿ. ನಗರದಿಂದ ಬಂದ ಒಂದು ಬಾಟಲಿ ಕಟ್ಟೆಯ ಮೇಲಿತ್ತು. ಇಬ್ಬರೂ ಒಂದೊಂದು ಗುಟುಕು ಹಾಕಿಕೊಂಡೆವು. ಹುಡುಗಿಯರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಹಳೆಯ ಹಲಗೆಯ ಮೇಲೆ ಸಾರ್ ಮುನ್ನೂರಾ ನಲವತ್ತು ಎಂದು ಬರೆದರು, ನಾನು ಮುನ್ನೂರಾ ಅರವತ್ತೈದು ಎಂದು ಬರೆದೆ. ಒಬ್ಬ ಹುಡುಗಿ ಕೂತು ಅಳೆದಳು. ಮುನ್ನೂರಾ ಅರವತ್ತೆರಡು.

"ಯಾರು ದೂರ?" ಎಂದು ಸಾರ್ ಕೇಳಿದರು. ಅವರದು ಆಟಕ್ಕಿಲ್ಲವಲ್ಲ, ನಾನು ಲೆಕ್ಕವನ್ನು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದೆ. ಹುಡುಗಿಯರಿಗೆ ಹೇಳುವ ಧೈರ್ಯವಿಲ್ಲ.

"ನೀವೇ ಸಾರ್" ಎಂದಳು ಮೂಲೆಯಿಂದ ಅಕ್ಕ.

ಅವರು ಅಂಗಿಯ ತೋಳು ಮಡಚಿಕೊಂಡರು. ನಾನು ಬೇಡ ಎನ್ನುವಷ್ಟರಲ್ಲಿ ಬ್ಯೂರೆಟ್ಟನ್ನು ಸ್ಟ್ಯಾಂಡಿನಿಂದ ಬಿಡಿಸಿಕೊಂಡು ಸಿಂಕಿನ ಮುಂದೆ ನಿಂತಾಗಿತ್ತು. "ಕೆಳಗಿನ ತಿರುಪಿನ ಹತ್ರ ಸೋಪ್ ಉಳ್ಕೊಳತ್ತೆ, ಸರಿಯಾಗಿ ತೊಳೀರಿ ಸಾರ್" ಎಂದು ಅಕ್ಕ ಪಕ್ಕದಲ್ಲೇ ನಿಂತು ಉಸ್ತುವಾರಿ ಮಾಡಿದಳು. ಮೂರು ಸಲ ನೀರು ಬಿಟ್ಟು, ಬೆಳಕಿಗೆ ಹಿಡಿದು ನೋಡಿ, ಅದನ್ನು ತಲೆಕೆಳಗಾಗಿ ಸ್ಟ್ಯಾಂಡಿಗೆ ಸಿಕ್ಕಿಸಿದರು. ಕೈ ಒರೆಸಿಕೊಂಡು, ಮೇಜಿನ ಮೇಲಿದ್ದ ನಿಯಮಗಳ ಹಾಳೆಯನ್ನು ಕಣ್ಣಿನ ಹತ್ತಿರ ತಂದು ಕೊನೆಯವರೆಗೂ ಓದಿದರು.

"ಸಹಿ ಇನ್ನೂ ಎಡಕ್ಕೇ ವಾಲತ್ತೆ" ಎಂದರು.

ಹನ್ನೊಂದು ಹೊಡೆದಿತ್ತು. ಅವರು ಕಾಫಿಗೆಂದು ಮೆಟ್ಟಿಲಿಳಿದು ಹೋದ ಮೇಲೆ ನಾನು ಬ್ಯೂರೆಟ್ಟಿನ ಹತ್ತಿರ ಹೋಗಿ ನೋಡಿದೆ. ಸರಿಯಾಗಿ ತೊಳೆದ ಗಾಜಿಗೆ ನೀರು ಹನಿಯಾಗಿ ಅಂಟುವುದಿಲ್ಲ, ಪೂರ್ತಿ ಇಳಿದುಹೋಗುತ್ತದೆ. ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ, ಒಂದು ಹನಿಯೂ ಇರಲಿಲ್ಲ.